ಕೈಗಡ ಕೊಟ್ಟ ಹನಿ

೨೦೪೩ನೆಯ ಇಸವಿ, ಫೆಬ್ರುವರಿ ೧೭, ಮಂಗಳವಾರ. ಬಾಗಲಕೋಟೆಯ ಹನಿ ಕೇಂದ್ರಕ್ಕೆ ಆ ದಿನ ಬಂದ ರಕ್ತದ ಹನಿಗಳು ೪,೩೧೨. ಅವುಗಳಲ್ಲಿ ೪,೩೧೧ಕ್ಕೆ ಒಡೆಯರಿದ್ದರು. ಒಂದಕ್ಕೆ ಇರಲಿಲ್ಲ.

ಆ ಒಂದರ ಕಾರ್ಡಿನ ಮೇಲೆ ಹೆಸರೇನೋ ಇತ್ತು: ದಾನೇಶ್ವರಿ, ವಯಸ್ಸು ಇಪ್ಪತ್ತೆರಡು, ಗುಳೇದಗುಡ್ಡ. ಹೆಸರು ಸರಿಯಾಗಿತ್ತು. ಊರು ಸರಿಯಾಗಿತ್ತು. ರಕ್ತ ಮಾತ್ರ ಅವಳದಾಗಿರಲಿಲ್ಲ.

ಹನಿ ಕೇಂದ್ರದ ಕೆಲಸ ಕ್ಷಯವನ್ನು ಹುಡುಕುವುದು. ಅದರಲ್ಲೂ ಪುಪ್ಪುಸದ ಹೊರಗೆ ಅವಿತ ಕ್ಷಯವನ್ನು. ಪುಪ್ಪುಸದ ರೋಗ ಕೆಮ್ಮಿನಲ್ಲಿ, ಕಫದಲ್ಲಿ ತಾನಾಗಿ ಹೊರಬೀಳುತ್ತದೆ. ಎಲುಬಿನಲ್ಲಿ, ಗಂಟುಗಳಲ್ಲಿ, ಕರುಳಿನಲ್ಲಿ, ಮೆದುಳಿನ ಪೊರೆಯಲ್ಲಿ ಕುಳಿತ ರೋಗಕ್ಕೆ ಕೆಮ್ಮಿಲ್ಲ, ಕಫವಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಎಲುಬು ಕುಸಿದಿರುತ್ತದೆ, ಇಲ್ಲವೇ ಕಣ್ಣು ಹೋಗಿರುತ್ತದೆ. ರೋಗಾಣು ರಕ್ತದಲ್ಲಿ ಸಿಗುವುದು ಅಪರೂಪ. ಆದರೆ ಕಳ್ಳ ಕಾಣದಿದ್ದರೂ ಕಾವಲುಗಾರರ ಗದ್ದಲ ಕೇಳಿಸುತ್ತದೆ. ದೇಹವನ್ನು ಕಾಯುವ ಕಣಗಳು ಇಂಥ ಶತ್ರುವನ್ನು ಕಂಡಾಗ ತಮ್ಮತಮ್ಮಲ್ಲಿ ಕೆಲವು ಸಂದೇಶಗಳನ್ನು ಹೆಚ್ಚಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ಯಂತ್ರ ಅಂಥ ಏಳು ಸಂದೇಶಗಳನ್ನು ಅಳೆದು, ಅವುಗಳ ಪ್ರಮಾಣವನ್ನು ಕೂಡಿಸಿ ಕಳೆದು, ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ಅರವತ್ತರ ಕೆಳಗೆ ಹಸಿರು. ಅರವತ್ತು ಮುಟ್ಟಿದರೆ ಕೆಂಪು.

ಕೆಂಪು ಎಂದರೆ ರೋಗವಲ್ಲ. ಇದನ್ನು ಲೆಕ್ಕ ಬಲ್ಲವರು ಮೊದಲ ದಿನದಿಂದ ಹೇಳಿದ್ದರು. ಹತ್ತು ಸಾವಿರ ಮಂದಿಯಲ್ಲಿ ಇಪ್ಪತ್ತು ಮಂದಿಗೆ ಇಂಥ ಕ್ಷಯ ಇದೆ ಎನ್ನೋಣ. ಯಂತ್ರ ಅವರಲ್ಲಿ ಹದಿನೆಂಟು ಮಂದಿಯನ್ನು ಹಿಡಿಯುತ್ತದೆ. ಉಳಿದ ನಿರೋಗಿಗಳಲ್ಲಿ ನೂರಕ್ಕೆ ಒಬ್ಬರಂತೆ ತಪ್ಪಿ ಹಿಡಿಯುತ್ತದೆ. ಅಂದರೆ ಸುಮಾರು ನೂರು ಮಂದಿಯನ್ನು. ಕೆಂಪು ಬಂದ ನೂರ ಹದಿನೆಂಟರಲ್ಲಿ ನಿಜವಾದ ರೋಗಿಗಳು ಹದಿನೆಂಟೇ. ಆರಕ್ಕೆ ಒಬ್ಬರೂ ಪೂರ್ತಿ ಆಗುವುದಿಲ್ಲ. ಆದ್ದರಿಂದ ಕೆಂಪು ತೀರ್ಪಲ್ಲ. ವಿಚಾರಣೆಗೆ ಕರೆ ಮಾತ್ರ.

ಜನ ಇದನ್ನು ಕೇಳಲಿಲ್ಲ. ಶಾಲೆಗಳು ಹಸಿರು ಚೀಟಿ ಕೇಳಿದವು. ನೌಕರಿ ಕೊಡುವವರು ಕೇಳಿದರು. ಆಮೇಲೆ ಬೀಗರು ಕೇಳಿದರು. ಜಾತಕದ ಜೊತೆಗೆ ಹಸಿರು ಚೀಟಿ ಇಡುವುದು ಐದಾರು ವರ್ಷಗಳಲ್ಲಿ ರೂಢಿಯಾಯಿತು. ರೋಗಕ್ಕೆ ಹೆದರುತ್ತಿದ್ದ ಜನ ಹನಿಗೆ ಹೆದರತೊಡಗಿದರು.

ಹನಿಯನ್ನು ಮನೆಯಲ್ಲೇ ಬೆರಳು ಚುಚ್ಚಿ ಕಾರ್ಡಿನ ಮೇಲೆ ಹಾಕಿ ಅಂಚೆಯಲ್ಲಿ ಕಳಿಸಬಹುದು. ಹೀಗಾಗಿ ಮೋಸವೂ ಬಂತು. ಅದನ್ನು ತಡೆಯಲು ಕೇಂದ್ರ ಒಂದು ನಿಯಮ ಮಾಡಿತು. ಬಂದ ಹನಿಯನ್ನು ಮೊದಲು ಅದೇ ಹೆಸರಿನ ಹಳೆಯ ಹನಿಯೊಡನೆ ಹೋಲಿಸಬೇಕು. ಹೊಂದದಿದ್ದರೆ ಅದರ ಅಂಕ ನೋಡದೆ ಆಮ್ಲದ ಜಾಡಿಗೆ ಹಾಕಬೇಕು. ಎರವಲು ಹನಿ ಎಂದು ರುಜುವಾತಾದರೆ, ಯಾರ ಹೆಸರಿನಲ್ಲಿ ಬಂತೋ ಅವರಿಗೆ ಎರಡು ವರ್ಷ ಹಸಿರು ಚೀಟಿ ಇಲ್ಲ.

ಆ ಮಂಗಳವಾರ ಬೆಳಿಗ್ಗೆ ಹೋಲಿಸುವ ಯಂತ್ರ ಎರಡು ತಾಸು ನಿಂತಿತ್ತು. ಅಳೆಯುವ ಯಂತ್ರ ನಿಂತಿರಲಿಲ್ಲ. ಆದ್ದರಿಂದ ಆ ಹೊತ್ತಿನ ಹನಿಗಳಿಗೆಲ್ಲ ಗುರುತಿಗಿಂತ ಮೊದಲು ಅಂಕ ಬಂದುಬಿಟ್ಟಿತು; ಅವುಗಳಲ್ಲಿ ಹೊಂದದ್ದು ಇದೊಂದೇ.

ಕೇಂದ್ರದ ವೈದ್ಯೆ ಫರ್ಜಾನಾ ಮುಲ್ಲಾ ಆ ಕಾರ್ಡನ್ನು ಹಿಡಿದುಕೊಂಡು ಮುಖ್ಯಸ್ಥ ಗುರುಪಾದ ಹಂಚಿನಾಳರ ಮೇಜಿನ ಮುಂದೆ ನಿಂತಳು. ಹಂಚಿನಾಳರು ಸಂಖ್ಯಾಶಾಸ್ತ್ರದವರು. ನಿಯಮ ಬರೆದವರೂ ಅವರೇ.

"ಸರ್, ಇದನ್ನ ನೋಡ್ರಿ."

"ನೋಡೂದೇನೈತಿ? ಹೊಂದಿಲ್ಲ ಅಂದ್ರ ಜಾಡಿಗೆ ಹಾಕು."

"ಹಾಕ್ತಿದ್ದೆ ಸರ್. ಅಂಕ ಮೊದಲ ಬಂದೈತಿ. ತೊಂಬತ್ತೊಂದು."

ಹಂಚಿನಾಳರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಡೆಯರ ಒಪ್ಪಿಗಿ ಇಲ್ಲದ ಹನಿ ಓದೂದಂದ್ರ ಬ್ಯಾರೇದವರ ಪತ್ರ ಒಡದು ಓದಿದಂಗ. ನೀ ಓದಿಲ್ಲ. ನಾನೂ ಓದಿಲ್ಲ. ಹೋಗು."

ಅವಳು ಹೋಗಲಿಲ್ಲ. ಹಿಂದಿನ ವರ್ಷ ತೊಂಬತ್ತು ದಾಟಿದ ಒಂದು ಹನಿ ಅಂಚೆಯಲ್ಲಿ ಎಂಟು ದಿನ ತಡವಾಗಿ ಬಂದಿತ್ತು. ಅದು ಬಾದಾಮಿಯ ಒಂದು ಮಗುವಿನದು. ರೋಗ ಮೆದುಳಿನ ಪೊರೆಯಲ್ಲಿತ್ತು. ಫರ್ಜಾನಾ ಆ ಮನೆಗೆ ಹೋದಾಗ ತೊಟ್ಟಿಲನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಈಗ ಅವಳು ಕಾರ್ಡನ್ನು ಮೇಜಿನ ಮೇಲೆ, ಕನ್ನಡಕದ ಪಕ್ಕದಲ್ಲಿ ಇಟ್ಟಳು. ಹಂಚಿನಾಳರು ಕನ್ನಡಕ ಹಾಕಿಕೊಂಡರು.

*

ಆ ಹನಿ ಕಾರ್ಡಿನ ಮೇಲೆ ಬಿದ್ದದ್ದು ಹಿಂದಿನ ಗುರುವಾರ, ಗುಳೇದಗುಡ್ಡದ ಒಂದು ನೇಕಾರರ ಮನೆಯಲ್ಲಿ.

ಮನೆಯಲ್ಲಿ ಮೂವರು ಹೆಂಗಸರು. ತಾಯಿ ನೀಲವ್ವ. ಹಿರಿಯ ಮಗಳು ಶಾಕಂಬರಿ, ಮೂವತ್ಮೂರು ವರ್ಷ. ತಂದೆ ಸತ್ತ ಮೇಲೆ ಅವನ ಕುಣಿ ಮಗ್ಗದಲ್ಲಿ ಕುಳಿತವಳು ಮದುವೆಯ ಮಾತು ಎತ್ತಿರಲಿಲ್ಲ, ಯಾರೂ ಎತ್ತಿಸಿರಲಿಲ್ಲ. ಕಿರಿಯವಳು ದಾನೇಶ್ವರಿ. ಅವಳಿಗೆ ಬೀಳಗಿಯಿಂದ ಸಂಬಂಧ ಬಂದಿತ್ತು. ಎಲ್ಲ ಒಪ್ಪಿಗೆಯಾಗಿ ಹಸಿರು ಚೀಟಿಯೊಂದು ಉಳಿದಿತ್ತು.

ಕುಣಿ ಮಗ್ಗವೆಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂರುವ ಮಗ್ಗ. ಕಾಲು ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತದೆ. ಕೈ ಲಾಳಿ ಹಾಯಿಸುತ್ತದೆ. ಕುಪ್ಪಸದ ಖಣ ನೇಯುವವರ ಬೆನ್ನು ನಲವತ್ತಕ್ಕೇ ನೋಯಲು ಹತ್ತುತ್ತದೆ. ಓಣಿಯಲ್ಲಿ ಅದಕ್ಕೆ ಮಗ್ಗದ ಬೆನ್ನು ಎಂದೇ ಹೆಸರು. ಅದಕ್ಕೆ ಎಣ್ಣೆ ಹಚ್ಚುತ್ತಾರೆ, ಆಸ್ಪತ್ರೆಗೆ ಹೋಗುವುದಿಲ್ಲ. ಶಾಕಂಬರಿಯ ಬೆನ್ನು ಐದು ತಿಂಗಳಿಂದ ನೋಯುತ್ತಿತ್ತು.

"ದಾನೀ ಮಾರಿ ನೋಡು ಹ್ಯಾಂಗ ಇಳದೈತಿ," ಎಂದಳು ನೀಲವ್ವ. ಹನಿಕಾರ್ಡು ಅವಳ ಕೈಯಲ್ಲಿತ್ತು. "ಮೈ ಬೆಚ್ಚಗ ಆಗಾಕ ಹತ್ತಿ ಹನ್ನೆರಡು ದಿನ ಆತು. ಕೆಂಪು ಬಂತಂದ್ರ ಬೀಳಗಿಯವರು ಈ ಕಡೆ ಹೊಳ್ಳಿ ನೋಡ್ತಾರೇನು?"

"ಮದುವಿ ಅಂದ್ರ ಎಲ್ಲಾರ ಮಾರೀನೂ ಇಳೀತಾವ ಯವ್ವಾ," ಎಂದಳು ಶಾಕಂಬರಿ ಮಗ್ಗದಿಂದಲೇ. "ಆ ಗಂಡಿನ ಮಾರಿ ನೋಡೀಯಿಲ್ಲ? ಇದರಕಿಂತ ಇಳದೈತಿ."

ದಾನೇಶ್ವರಿ ನಕ್ಕಳು. ತಾಯಿ ನಗಲಿಲ್ಲ.

"ನೀ ಕೊಡು ಶಾಕವ್ವಾ. ಒಂದ ಹನಿ."

ಲಾಳಿ ನಿಂತಿತು. "ನಂದಾ?"

"ನಿನಗೇನಾಗೈತಿ? ಕಲ್ಲಿನಂಗ ಅದೀ."

"ಕಲ್ಲಿಗೂ ಈಗ ಬೆನ್ನು ನೋಯಾಕತ್ತೈತಿ."

"ಅದು ಮಗ್ಗದ ಬೆನ್ನು. ನಿಮ್ಮಪ್ಪಗಿತ್ತು, ನಿಮ್ಮಜ್ಜಗಿತ್ತು. ಕುಣ್ಯಾಗ ಕುಂತವರಿಗೆ ಬ್ಯಾರೆ ಏನಿರ್ತೈತಿ?" ನೀಲವ್ವ ದನಿ ತಗ್ಗಿಸಿದಳು. "ಓಣ್ಯಾಗ ಎಷ್ಟು ಮಂದಿ ಹಿಂಗ ಕೊಟ್ಟಾರ, ಎಲ್ಲಾ ಹೇಳೇನು?"

"ಯವ್ವಾ, ಬ್ಯಾಡ," ಎಂದಳು ದಾನೇಶ್ವರಿ. "ಗೊತ್ತಾತಂದ್ರ?"

"ಅಕ್ಕ-ತಂಗೀ ರಕ್ತ ಒಂದ. ಅದಕ್ಕೇನ ಗೊತ್ತಾಗ್ತೈತಿ?"

ಆ ಓಣಿಯಲ್ಲಿ ಮನೆಯಿಂದ ಮನೆಗೆ ಕೈಗಡ ನಡೆಯುತ್ತದೆ. ಒಂದು ಬಟ್ಟಲು ಸಕ್ಕರೆ, ಒಂದು ಹಿಡಿ ಅರಿಸಿನ, ಒಂದು ಉಂಡೆ ನೂಲು. ಬರೆದಿಡುವುದಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಶಾಕಂಬರಿಯೂ ಎನ್ನಲಿಲ್ಲ. ಗುಂಡಿಯಿಂದ ಮೇಲೇಳದೆ ಎಡಗೈ ಚಾಚಿದಳು. ನೀಲವ್ವ ಚುಚ್ಚಿದಳು. ಹನಿ ದುಂಡಗೆ ನಿಂತು ಕಾರ್ಡಿನ ಮೇಲೆ ಇಳಿಯಿತು.

"ದಾನೀ, ಕೈಗಡ ಕೊಟ್ಟೀನಿ," ಎಂದಳು ಶಾಕಂಬರಿ, ಬೆರಳನ್ನು ಬಾಯಲ್ಲಿಟ್ಟುಕೊಂಡು. "ಬಡ್ಡಿ ಬ್ಯಾಡ. ಅಸಲು ತಿರುಗಿ ಕೊಟ್ರ ಸಾಕು."

"ಎಂದ ಕೊಡ್ಲೆಕ್ಕಾ?"

"ನಾ ಕೇಳಿದಾಗ."

ರಾತ್ರಿ ಅವಳು ಒಂದೇ ರೊಟ್ಟಿ ತಿಂದೆದ್ದಳು. ಅವಳ ಮೈಯೂ ಸಂಜೆಯಾದರೆ ಬೆಚ್ಚಗಾಗುತ್ತಿತ್ತು. ಮನೆಯ ಕಣ್ಣೆಲ್ಲ ದಾನೇಶ್ವರಿಯ ಮೇಲಿದ್ದುದರಿಂದ ಅದನ್ನು ಯಾರೂ ಗಮನಿಸಲಿಲ್ಲ.

*

"ಕುಂದರು," ಎಂದರು ಹಂಚಿನಾಳರು ಕೊನೆಗೆ. "ಇದು ಅಕಿದಲ್ಲ ಅಂತ ಯಂತ್ರ ಹೇಳ್ತು. ಯಾರದು ಅಂತ ಹೇಳ್ತೇನು?"

"ಹೇಳೂದಿಲ್ಲ ಸರ್. ಆದರ ಇಪ್ಪತ್ನಾಲ್ಕು ಜಾಗದ ಪಟ್ಟಿ ಕೊಟ್ಟೈತಿ. ನೀವ ನೋಡ್ರಿ."

ಗುರುತಿಗಾಗಿ ಕೇಂದ್ರವು ರಕ್ತದ ಇಪ್ಪತ್ನಾಲ್ಕು ಜಾಗಗಳನ್ನು ನೋಡುತ್ತದೆ. ಪ್ರತಿ ಜಾಗದಲ್ಲೂ ಎರಡು ಚಿಹ್ನೆ: ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಹೋಲಿಕೆಗೆ ದಾನೇಶ್ವರಿ ಹದಿನೇಳನೆಯ ವಯಸ್ಸಿನಲ್ಲಿ ಕಾಲೇಜಿಗಾಗಿ ಕೊಟ್ಟ ಹನಿಯ ದಾಖಲೆ ಇತ್ತು. ಹಂಚಿನಾಳರು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತ ಬಂದರು. ಯಂತ್ರದ ಕೆಲಸವನ್ನು ಕೈಯಿಂದ ಮಾಡಿ ನೋಡುವುದು ಅವರ ಪದ್ಧತಿ.

"ಐದು ಜಾಗದಾಗ ಒಂದೂ ಕೂಡವಲ್ದು. ತಾಯಿ ಆಗಿದ್ರ?"

"ಇಪ್ಪತ್ನಾಲ್ಕರಾಗೂ ಒಂದಾದರೂ ಕೂಡಬೇಕಿತ್ತು. ತಾಯಿ ಅಲ್ಲ."

"ಹೊರಗಿನವರಾಗಿದ್ರ?"

"ಬಹಳ ಜಾಗ ತಪ್ಪಬೇಕಿತ್ತು. ಐದಕ್ಕ ನಿಲ್ತಿರಲಿಲ್ಲ."

"ಒಡಹುಟ್ಟಿದವರಾದ್ರ ನಾಲ್ಕಕ್ಕ ಒಂದು ತಪ್ಪಬಹುದು. ಇಪ್ಪತ್ನಾಲ್ಕಕ್ಕ ಆರು. ಐದು ಅಂದ್ರ ಸಮೀಪ." ಅವರು ಪೆನ್ಸಿಲ್ ಕೆಳಗಿಟ್ಟರು. "ಹೆಣ್ಣಿನ ರಕ್ತ. ಅಕ್ಕ, ಇಲ್ಲಾ ತಂಗಿ."

ಮನೆತನದ ಪಟ್ಟಿಯಲ್ಲಿ ಒಬ್ಬಳೇ ಅಕ್ಕ ಇದ್ದಳು. ಅವಳ ಹೆಸರಿನ ಮುಂದೆ ಒಂದು ಹನಿಯೂ ಇರಲಿಲ್ಲ. ಶಾಲೆ ಬಿಟ್ಟವಳು, ನೌಕರಿ ಇಲ್ಲದವಳು, ಬೀಗರು ಕೇಳದವಳು. ಮಗ್ಗದಲ್ಲಿ ಕುಳಿತವಳ ಹನಿ ಯಾರಿಗೂ ಬೇಕಾಗಿರಲಿಲ್ಲ.

"ನಾ ನಾಳೆ ಹೋಗ್ತೀನಿ ಸರ್."

"ಹೋಗಿ ಏನಂತೀ? ಅಂಕ ಒಡೆಯರಿಗೆ ಹೊರತು ಯಾರಿಗೂ ಹೇಳುವಂಗಿಲ್ಲ. ಕೆಂಪೋ ಹಸಿರೋ ಅದನ್ನೂ ಹೇಳುವಂಗಿಲ್ಲ. ಹನಿ ತನ್ನದು ಅಂತ ಅಕಿ ಬಾಯಿಲೆ ಹೇಳಬೇಕು. ಹೇಳಿದ್ರ ತಂಗೀ ಮದುವಿ ಹೋತು. ಯಾರ ಹೇಳ್ತಾರ?" ಸ್ವಲ್ಪ ತಡೆದು ಅವರು ಕೇಳಿದರು. "ಮತ್ತ, ಕೆಂಪು ಬಂದ ಆರು ಮಂದ್ಯಾಗ ಐದು ಮಂದಿ ಗಟ್ಟಿ ಇರ್ತಾರ. ಗೊತ್ತಿಲ್ಲೇನು?"

"ಅದು ಅರವತ್ತು ಮುಟ್ಟಿದವರ ಲೆಕ್ಕ ಸರ್. ಇದು ತೊಂಬತ್ತೊಂದು. ಹೆಂತಾ ಹನಿ ಅಂತ ನೋಡದ ಲೆಕ್ಕ ಹಾಕಬ್ಯಾಡ್ರಿ ಅಂತ ನೀವ ಕಲಿಸೀರಿ."

ಹಂಚಿನಾಳರು ಕಾರ್ಡನ್ನು ಹತ್ತಿರ ಎಳೆದುಕೊಂಡರು. ಕಾರ್ಡಿನ ಮೇಲೆ ಒಣಗಿದ ಹನಿ ಕಾಸಿನಗಲ ಇತ್ತು. ಅದು ಯಾರದ್ದೋ ಮೈಯಿಂದ ಬಂದಿತ್ತು. ಆ ಮೈಯಲ್ಲಿ ಎಲ್ಲೋ ಏನೋ ತಿನ್ನುತ್ತಿತ್ತು. ಎಲ್ಲಿ ಎಂದು ಯಂತ್ರ ಹೇಳುವುದಿಲ್ಲ. ಎಷ್ಟು ದಿನ ಉಳಿದಿವೆ ಎಂದೂ ಹೇಳುವುದಿಲ್ಲ.

"ಹೊಂದಲಾರದ ಹನಿಗೆ ಹೊಸಾದು ತರಾಕ ಮನೀಗೆ ಹೋಗಬಹುದು ಅಂತ ನಿಯಮದಾಗ ಐತಿ," ಎಂದರು. "ಯಾರೂ ಹೋಗಿಲ್ಲ. ನೀ ಹೋಗು. ಅಂಕ ಬಾಯಿ ಬಿಡಬ್ಯಾಡ."

ಆ ಸಂಜೆ ಕೇಂದ್ರದಿಂದ ನೀಲವ್ವನ ಫೋನಿಗೆ ಒಂದು ಸಾಲು ಹೋಯಿತು: ಹನಿ ಸಲ್ಲಲಿಲ್ಲ, ಹೊಸ ಹನಿ ಪಡೆಯಲು ನಾಳೆ ನಮ್ಮವರು ಬರುತ್ತಾರೆ.

*

ನೀಲವ್ವ ಆ ಸಾಲನ್ನು ದಾನೇಶ್ವರಿಯಿಂದ ಮೂರು ಸಲ ಓದಿಸಿದಳು.

"ಸಲ್ಲಲಿಲ್ಲ ಅಂದ್ರ ಏನು? ಹಿಡದಾರಂತೇನು?"

"ಗೊತ್ತಿಲ್ಲ ಯವ್ವಾ."

"ಬರ್ತಾರಂತ. ಮನೀಗೆ ಯಾಕ ಬರ್ತಾರ? ಯಾರ ಮನೀಗೂ ಬರೂದಿಲ್ಲ." ಅವಳು ಎದ್ದು ಬಾಗಿಲು ಹಾಕಿದಳು. ಮತ್ತೆ ತೆಗೆದಳು. "ಕೇಳ್ರಿಬ್ಬರೂ. ಹನಿ ದಾನೀದು. ಅವರೇನ ಕೇಳಲಿ, ಹೆಂಗ ಕೇಳಲಿ, ದಾನೀದು. ಶಾಕವ್ವಾ, ಕೇಳಿಸ್ತೇನು?"

"ಕೇಳಿಸ್ತು."

ಆ ರಾತ್ರಿ ಯಾರೂ ನಿದ್ರಿಸಲಿಲ್ಲ. ಮೂವರೂ ಹೆದರಿದ್ದರು. ತಾಯಿ, ಮಗಳ ಮದುವೆಗೆ ಹೆದರಿದ್ದಳು. ಕಿರಿಯವಳು ತನ್ನ ಜ್ವರಕ್ಕೆ ಹೆದರಿದ್ದಳು. ಹಿರಿಯವಳು ಯಾವುದಕ್ಕೆ ಹೆದರಿದ್ದಳೆಂದು ಉಳಿದಿಬ್ಬರಿಗೆ ಗೊತ್ತಿರಲಿಲ್ಲ. ಅವಳು ಕತ್ತಲಲ್ಲಿ ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲಿನ ಬೆರಳುಗಳನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

ಬೆಳಿಗ್ಗೆ ಶಾಕಂಬರಿ ಹಿತ್ತಲಿಗೆ ಹೋಗಿ ಬಂದು, ಗೋಡೆ ಹಿಡಿದುಕೊಂಡು ನಡೆದು, ಮಗ್ಗದ ಗುಂಡಿಗೆ ಇಳಿದಳು. ಹಿಂದೆ ಬಂದ ದಾನೇಶ್ವರಿಗೆ ಹಿತ್ತಲ ಬಾಗಿಲಲ್ಲಿ ಅಕ್ಕನ ಎಡಗಾಲಿನ ಚಪ್ಪಲಿ ಕಂಡಿತು. ಇನ್ನೊಂದಿರಲಿಲ್ಲ. ಅವಳು ನೆಲ ನೋಡುತ್ತ ಬಂದಳು. ಒದ್ದೆ ಹೆಜ್ಜೆಗಳಿದ್ದವು: ಬಲಗಡೆ ಚಪ್ಪಲಿಯ ಗುರುತು, ಎಡಗಡೆ ಬರಿ ಪಾದ; ಆ ಪಾದ ಎತ್ತಿಟ್ಟದ್ದಲ್ಲ, ಎಳೆದದ್ದು.

"ಯಕ್ಕಾ, ಚಪ್ಪಲಿ ಬಿಟ್ಟು ಬಂದೀಯಲ್ಲ."

"ಎಲ್ಲಿ? ಎರಡೂ ಹಾಕ್ಕೊಂಡೀನಿ," ಎಂದಳು ಶಾಕಂಬರಿ. ಆಮೇಲೆ ಗುಂಡಿಯೊಳಗೆ ಬಗ್ಗಿ ನೋಡಿದಳು. ಎಡಪಾದ ಬರಿದಾಗಿತ್ತು.

"ಅವ್ವಗ ಹೇಳಬ್ಯಾಡ," ಎಂದಳು. "ಇವತ್ತೊಂದು ದಿನ. ಅವರು ಬಂದು ಹೋಗಲಿ."

*

ಫರ್ಜಾನಾ ಬಂದಾಗ ಹನ್ನೊಂದು ಗಂಟೆ. ಮುಂದಿನ ಕೋಣೆಯಲ್ಲಿ ಮಗ್ಗ ನಡೆಯುತ್ತಿತ್ತು. ನೀಲವ್ವ ಚಾಪೆ ಹಾಸಿ ನೀರು ಕೊಟ್ಟಳು.

"ಈ ಹನಿ ಯಾರದು ಅಂತ ಕೇಳಾಕ ಬಂದೀನ್ರಿ ಅವ್ವಾರ."

"ದಾನೀದು. ಹೆಸರು ಬರದೈತಲ್ರಿ."

"ಹೆಸರು ಅವರದು. ಹನಿ ಅವರದಲ್ರಿ."

"ಹಂಗಾದ್ರ ನಿಮ್ಮ ಯಂತ್ರ ಕೆಟ್ಟಿರಬೇಕು."

"ನಿನ್ನೆ ಎರಡು ತಾಸು ಕೆಟ್ಟಿತ್ರಿ," ಎಂದಳು ಫರ್ಜಾನಾ. "ಕೆಟ್ಟಿದ್ದಕ್ಕ ನಾ ಇಲ್ಲಿ ಬಂದೀನಿ. ಯಾರದೋ ಅವರಿಗೆ ನಾ ಒಂದು ಮಾತು ಹೇಳಬೇಕು. ಅವರಿಗೆ ಬಿಟ್ಟು ಬ್ಯಾರೆ ಯಾರಿಗೂ ಹೇಳಾಕ ಬರೂದಿಲ್ಲ. ಕೈ ಮುಗೀತೀನಿ, ಯಾರದಂತ ಹೇಳ್ರಿ."

ನೀಲವ್ವ ಆ ಮುಗಿದ ಕೈಗಳನ್ನು ನೋಡಿದಳು. ಸರಕಾರದವರು ಕೈ ಮುಗಿದದ್ದನ್ನು ಅವಳು ಕಂಡಿರಲಿಲ್ಲ. ಅದಕ್ಕೇ ಅದು ಬಲೆ ಎಂದು ತಿಳಿದಳು. "ನಮ್ಮನ್ಯಾಗ ಹಂತಾದ್ದೇನಿಲ್ರಿ," ಎಂದಳು. "ನೀವಿನ್ನ ಹೋಗಬಹುದು."

ಫರ್ಜಾನಾ ಮಗ್ಗದ ಕಡೆ ತಿರುಗಿದಳು. ಅದರ ಸದ್ದು ಸರಿಯಿರಲಿಲ್ಲ. ಒಂದು ಹಲಗೆ ಠಪ್ಪೆಂದು ಬಿದ್ದ ಮೇಲೆ ಇನ್ನೊಂದು ಬೀಳಲು ತಡವಾಗುತ್ತಿತ್ತು. ನಡುವಿನ ಆ ತಡದಲ್ಲಿ ನೇಯುವವಳು ಎರಡೂ ಕೈಗಳಿಂದ ತನ್ನ ಎಡತೊಡೆಯನ್ನು ಒತ್ತುತ್ತಿದ್ದಳು. ಅವಳ ಹಣೆಯ ಮೇಲೆ ಬೆವರಿತ್ತು. ಕೋಣೆಯೊಳಗೆ ಅಂಥ ಸೆಕೆಯೇನೂ ಇರಲಿಲ್ಲ.

"ಅಕ್ಕಾರ, ಸ್ವಲ್ಪ ಮ್ಯಾಲೆ ಬರ್ತೀರೇನ್ರಿ?"

"ಕೆಲಸ ಐತ್ರಿ," ಎಂದಳು ಶಾಕಂಬರಿ. ತಲೆ ಎತ್ತಲಿಲ್ಲ.

ಇದಕ್ಕಿಂತ ಹೆಚ್ಚು ಕೇಳುವ ಅಧಿಕಾರ ಫರ್ಜಾನಾಳಿಗೆ ಇರಲಿಲ್ಲ. ಅವಳು ಚೀಲ ಎತ್ತಿಕೊಂಡು ಹೊಸ್ತಿಲ ತನಕ ಹೋದಳು. ಅಲ್ಲಿ ದಾನೇಶ್ವರಿ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಮದುವೆಯಾಗುವ ಹುಡುಗಿಯ ಮುಖದಲ್ಲಿ ಅಂಥ ಹೆದರಿಕೆಯನ್ನು ಯಾರೂ ಕಂಡಿರಲಾರರು.

"ನಾನು ಹೇಳಿದ್ರ ನಡೀತೈತೇನ್ರಿ?" ಎಂದಳು.

"ದಾನೀ, ಒಳಗ ನಡಿ!" ನೀಲವ್ವ ಎದ್ದಳು.

"ಆ ಹನಿ ನಮ್ಮಕ್ಕಂದು. ನನ್ನ ಹೆಸರಲೆ ಕಳಿಸೀವಿ. ಎರಡು ವರ್ಷ ಅಲ್ಲ, ಹತ್ತು ವರ್ಷ ಚೀಟಿ ಕೊಡಬ್ಯಾಡ್ರಿ. ಅಕಿಗೆ ಚಪ್ಪಲಿ ಬಿದ್ದದ್ದ ತಿಳೀಲಿಲ್ರಿ. ಕಾಲಾಗಿಂದ ಚಪ್ಪಲಿ ಬಿದ್ದದ್ದ ತಿಳೀಲಿಲ್ಲ!"

ನೀಲವ್ವ ಮಗಳ ಬಾಯಿ ಮುಚ್ಚಲು ಎತ್ತಿದ ಕೈ ಹಾಗೇ ನಿಂತಿತು. "ಏನಂದೀ?"

ಫರ್ಜಾನಾ ಗುಂಡಿಯ ಅಂಚಿನಲ್ಲಿ ಕುಳಿತಳು. "ಅಕ್ಕಾರ, ನಿಮ್ಮ ಬಾಯಿಲೆ ಹೇಳಬೇಕು. ಹನಿ ನಿಮ್ಮದೇನ್ರಿ?"

ಶಾಕಂಬರಿ ತಂಗಿಯನ್ನು ನೋಡಿದಳು. "ನಂದು," ಎಂದಳು. "ಕೈಗಡ ಕೊಟ್ಟಿದ್ದೆ."

"ತೊಂಬತ್ತೊಂದು ಬಂದೈತ್ರಿ."

"ಎಷ್ಟಕ್ಕ?"

"ನೂರಕ್ಕ."

"ಹಂಗಾದ್ರ ಪಾಸಾದೆ," ಎಂದಳು ಶಾಕಂಬರಿ. ಯಾರೂ ನಗಲಿಲ್ಲ. ಅವಳು ಎರಡೂ ಕೈಗಳಿಂದ ಗುಂಡಿಯ ಅಂಚು ಹಿಡಿದಳು. "ಡಾಕ್ಟರವ್ವಾ, ನನಗ ಮ್ಯಾಲೆ ಬರಾಕ ಆಗವಲ್ದು. ಮುಂಜಾನೆ ಇಳದೆ. ಈಗ ಕಾಲು ಎಲ್ಲೆದಾವ ಅಂತ ತಿಳಿವಲ್ದು."

ಮೂವರೂ ಸೇರಿ ಅವಳನ್ನು ಗುಂಡಿಯಿಂದ ಎತ್ತಿ ಚಾಪೆಯ ಮೇಲೆ ಬೋರಲು ಮಲಗಿಸಿದರು. ಫರ್ಜಾನಾ ಬೆನ್ನೆಲುಬಿನ ಮೇಲೆ ಬೆರಳನ್ನು ಒಂದೊಂದೇ ಗಂಟಿನಂತೆ ಇಳಿಸುತ್ತ ಬಂದಳು. ನಡುಬೆನ್ನಿನಲ್ಲಿ ಒಂದು ಗಂಟು ಹೊರಗೆ ಚಾಚಿಕೊಂಡಿತ್ತು, ಅಡಿಕೆಯಷ್ಟು. ಮುಟ್ಟಿದೊಡನೆ ಶಾಕಂಬರಿ ಕೂಗಿದಳು. ಪಾದಕ್ಕೆ ಪೆನ್ನಿನ ತುದಿ ಎಳೆದಾಗ ಬಲಗಾಲು ಸ್ವಲ್ಪ ಮಿಸುಕಿತು. ಎಡಗಾಲು ಮಿಸುಕಲಿಲ್ಲ.

ಆರಕ್ಕೆ ಒಂದು ಎಂಬ ಲೆಕ್ಕ ಇಲ್ಲಿಗೆ ಮುಗಿಯಿತು. ಅದು ಏನೂ ಗೊತ್ತಿಲ್ಲದವರ ಲೆಕ್ಕ. ಐದು ತಿಂಗಳ ನೋವು, ಸಂಜೆಯ ಜ್ವರ, ಕುಸಿದ ಎಲುಬು, ಸತ್ತ ಕಾಲು, ಅದರ ಮೇಲೆ ತೊಂಬತ್ತೊಂದು: ಸಂಶಯಕ್ಕೆ ಉಳಿದ ಪಾಲು ಬಹಳ ಚಿಕ್ಕದು. ಆದರೂ ಎಲುಬಿನ ಚೂರು ತೆಗೆದು ನೋಡಬೇಕು, ಯಾವ ಔಷಧಿ ತಾಗುತ್ತದೆಂದು ತಿಳಿಯಬೇಕು, ಬೆನ್ನುಹುರಿಯ ಮೇಲಿನ ಭಾರ ಇಳಿಸಬೇಕು. ಅದೂ ಇವತ್ತೇ. ಫರ್ಜಾನಾ ಆಂಬುಲೆನ್ಸಿಗೆ ಫೋನು ಮಾಡಿದಳು.

ನೀಲವ್ವ ಗೋಡೆಗೊರಗಿ ಕುಳಿತುಬಿಟ್ಟಿದ್ದಳು. "ಮಗ್ಗದ ಬೆನ್ನು," ಎನ್ನುತ್ತಿದ್ದಳು. "ಮಗ್ಗದ ಬೆನ್ನು ಅದು. ಎಲ್ಲಾರಿಗೂ ಇರ್ತೈತಿ."

"ದಾನೀ," ಎಂದಳು ಶಾಕಂಬರಿ ಚಾಪೆಯ ಮೇಲಿನಿಂದ. "ಈಗ ಕೇಳಾಕತ್ತೀನಿ. ನನ್ನ ಕೈಗಡ ಕೊಡು."

ದಾನೇಶ್ವರಿ ಚಪ್ಪಲಿಯನ್ನು ಕೆಳಗಿಟ್ಟು ಫರ್ಜಾನಾಳ ಮುಂದೆ ಕೈ ಚಾಚಿದಳು. ಹೊಸ ಕಾರ್ಡಿನ ಮೇಲೆ ಅವಳದೇ ಹೆಸರು, ಅವಳದೇ ಹನಿ ಬಿತ್ತು.

*

ದಾನೇಶ್ವರಿಯ ಅಂಕ ಏಳು. ಅವಳ ಜ್ವರ ವಿಷಮಶೀತ ಜ್ವರವಾಗಿತ್ತು. ಎರಡು ವಾರದ ಗುಳಿಗೆಗೆ ಇಳಿಯಿತು. ಹಸಿರು ಚೀಟಿಯನ್ನು ಮಾತ್ರ ನಿಯಮದಂತೆ ತಡೆಹಿಡಿಯಲಾಯಿತು. ಬೀಳಗಿಯವರು ಜಗಳವಾ‌ಡಲಿಲ್ಲ, ಬರುವುದನ್ನು ಬಿಟ್ಟರು.

ಕೇಂದ್ರದಲ್ಲಿ ಹಂಚಿನಾಳರು ತಮ್ಮ ನಿಯಮವನ್ನು ತಾವೇ ತಿದ್ದಿದರು. ಇನ್ನು ಮುಂದೆ ಹೊಂದದ ಹನಿಯನ್ನೂ ಅಳೆಯಬೇಕು. ಕೆಂಪು ಬಂದರೆ ಯಾರಾದರೂ ಆ ಮನೆಗೆ ಹೋಗಬೇಕು. ಎರವಲು ಹನಿಗೆ ದಂಡವಿರಬಾರದು. ಕೊನೆಯದನ್ನು ಮೇಲಿನವರು ಒಪ್ಪಲಿಲ್ಲ. ಉಳಿದೆರಡು ನಿಂತವು.

"ನಾಲ್ಕು ವರ್ಷದಾಗ ಓದದ ಜಾಡಿಗೆ ಹಾಕಿದ ಹನಿ ಎಷ್ಟು ಗೊತ್ತೇನು?" ಎಂದು ಅವರು ಒಂದು ದಿನ ಫರ್ಜಾನಾಳನ್ನು ಕೇಳಿದರು. "ಸಾವಿರದ ಮುನ್ನೂರ ಎಂಬತ್ತಾರು. ಸಾವಿರಕ್ಕ ಇಬ್ಬರಂತೆ ಹಿಡಿ."

"ಎರಡೂ ಮುಕ್ಕಾಲು ಸರ್."

"ಮೂರು ಅನ್ನು. ಮನುಷ್ಯಾರನ್ನ ಮುಕ್ಕಾಲು ಅನಬಾರದು."

"ಯಾರಿರಬಹುದ್ರಿ?"

"ನಾವು ಗಟ್ಟಿ ಅದೀವಿ ಅಂತ ತಿಳಕೊಂಡು ಬ್ಯಾರೇದವರಿಗೆ ಹನಿ ಕೊಟ್ಟವರು," ಎಂದರು ಹಂಚಿನಾಳರು. "ಹುಡುಕಾಕ ಹನಿ ಉಳದಿಲ್ಲ." ಅಂದಿನಿಂದ ಅವರು ಆ ಜಾಡಿಯಿದ್ದ ಕೋಣೆಗೆ ಹೋಗುವುದನ್ನು ನಿಲ್ಲಿಸಿದರು.

ಮರುವರ್ಷ ಮಾರ್ಚಿನಲ್ಲಿ ಶಾಕಂಬರಿಯ ಔಷಧಿ ಮುಗಿಯಿತು. ಅವಳದೇ ಹೆಸರಿನಲ್ಲಿ ಅವಳು ಕೊಟ್ಟ ಕೊನೆಯ ಹನಿಯ ಅಂಕ ಹದಿನಾಲ್ಕು. ಬಲಗಾಲು ಪೂರ್ತಿ ಬಂದಿತ್ತು. ಎಡಗಾಲು ಮಂಡಿಯ ತನಕ ಬಂದು ನಿಂತಿತ್ತು. ಎಂಟು ದಿನ ಮೊದಲು ಬಂದಿದ್ದರೆ ಎಂದು ಶಸ್ತ್ರವೈದ್ಯರು ಮಾತು ಶುರು ಮಾಡಿ, ನೀಲವ್ವನ ಮುಖ ನೋಡಿ ಅದನ್ನು ಮುಗಿಸಿರಲಿಲ್ಲ.

ಈಗ ಗುಂಡಿಯಲ್ಲಿ ದಾನೇಶ್ವರಿ ಕೂರುತ್ತಾಳೆ. ಶಾಕಂಬರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಪ್ಪು ತಿದ್ದುತ್ತಾಳೆ.

"ಅಂಚು ಬಿಗಿ ಆತು. ಖಣ ಮಾಡಾಕತ್ತೀಯೋ ಹಗ್ಗ ಹೊಸ್ಯಾಕತ್ತೀಯೋ?"

"ನಿನ್ನ ಬಾಯಿಗೆ ಒಂದು ಲಾಳಿ ಹಾಕಬೇಕು ನೋಡು." ದಾನೇಶ್ವರಿ ಹಲಗೆ ತುಳಿದಳು. ಎರಡು ಕಾಲಿನ ಸದ್ದು ಸಮನಾಗಿ ಬಿತ್ತು. ಆ ಸಮನಾದ ಸದ್ದು ಅವಳಿಗೇ ಕೇಳಿಸಿ, ಅವಳು ನಿಲ್ಲಿಸಿದಳು. "ಯಕ್ಕಾ, ನನ್ನ ಕೈಗಡ ತೀರ್ತಲ್ಲ?"

"ಅಂದ ತೀರೇತಿ. ಹನಿಗೆ ಹನಿ."

"ಮತ್ತ ಈ ಕಾಲು?"

"ಅದು ನಿನ್ನ ಮ್ಯಾಲಿಲ್ಲ."

"ಯಾರ ಮ್ಯಾಲೈತಿ?"

ಶಾಕಂಬರಿ ಬಗ್ಗಿ ಅಂಚಿನ ನೂಲು ಸಡಿಲಿಸಿದಳು. ಒಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತ್ತು. ಅದು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.